ಇಪ್ಪತ್ತೊಂಬತ್ತನೇ ಗೂಟ

"ಒಲೆ ಆರಿಸಿದ್ಯಾ?" ಎಂದು ಅಕ್ಕ ಹೊಲಿಗೆಯಂತ್ರದ ಮುಂದೆ ಕೂತಲ್ಲಿಂದಲೇ ಕೇಳಿದಳು. ಬಾಗಿಲ ಮೆಟ್ಟಿಲ ಮೇಲೆ ಕೂತು ಶೂಗಳ ದಾರ ಬಿಗಿಯುತ್ತಿದ್ದ ತಂಗಿ "ಆರಿಸ್ದೆ" ಎಂದಳು. "ನೋಡಿದ್ಯಾ?" "ನೋಡ್ದೆ ಕಣೆ, ಎಷ್ಟು ಸಲ ಹೇಳ್ಲಿ?" ಯಂತ್ರದ ಸದ್ದು ನಿಂತಿತು. ಕುರ್ಚಿ ಹಿಂದಕ್ಕೆ ಸರಿಯಿತು, ಚಪ್ಪಲಿಯ ಸಪ್ಪಳ ಅಡುಗೆಮನೆಯವರೆಗೆ ಹೋಯಿತು, ಒಲೆಯ ನಾಬು ಒಮ್ಮೆ ಕಟಕ್ ಎಂದಿತು, ಸಪ್ಪಳ ಹಿಂದಿರುಗಿತು. ತಂಗಿ ನೋಡಿದ್ದನ್ನು ಮತ್ತೊಮ್ಮೆ ತಾನು ನೋಡುವುದು ಅಕ್ಕನಿಗೆ ಉಸಿರಾಡಿದಷ್ಟು ಸಹಜವಾಗಿತ್ತು. ಬಾಗಿಲ ಚಿಲಕ, ನಲ್ಲಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು, ಎಲ್ಲವನ್ನೂ. ನಲವತ್ತೇಳು ವರ್ಷದ ಹೆಂಗಸು, ಒಂದು ಬೆಟ್ಟದ ಮೇಲಿನ ಒಂದೊಂದು ಗೂಡನ್ನೂ ಒಂದೊಂದು ಬಿಲವನ್ನೂ ನೋಡಿ ಬರೆಯಲೆಂದೇ ಕೆಲಸಕ್ಕಿಟ್ಟುಕೊಂಡ ಹೆಂಗಸು, ತನ್ನ ಸ್ವಂತ ಮನೆಯ ಒಲೆಯ ವಿಷಯದಲ್ಲಿ ನಂಬಿಕೆಗೆ ಅರ್ಹಳಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಸಿಟ್ಟು ಬರುತ್ತಿತ್ತು. ಇವತ್ತು, ಅಕ್ಕ ಎದ್ದು ಹೋಗಿ ನೋಡಿ ಬಂದದ್ದೇ ಸರಿ ಎನ್ನಿಸಿ ದಾರದ ಗಂಟು ಬೆರಳುಗಳ ನಡುವೆ ಸಡಿಲವಾಯಿತು. ಯಂತ್ರ ಮತ್ತೆ ಶುರುವಾಯಿತು. ಗೋಡೆಯಾಚೆಯಿಂದ, ಬಟ್ಟೆಯ ರಾಶಿಯಡಿಯಿಂದ ಬಂದಂತೆ, ಗುಂಯ್ ಎಂದು ಏರಿ, ಉಸಿರೆಳೆದುಕೊಂಡು, ಮತ್ತೆ ಗುಂಯ್. ನಿನ್ನೆ ಮಧ್ಯಾಹ್ನ ಮೂರೂವರೆಗೆ, ಇಪ್ಪತ್ತೊಂಬತ್ತನೇ ಗೂಟದ ಹತ್ತಿರ ಬಂಡೆಗಳ ಒಳಗಿನಿಂದ ಕೇಳಿದ ಸದ್ದು ಇದೇ.

ಬೆಟ್ಟಕ್ಕೆ ಕಾಲುದಾರಿ ಮಾಡುತ್ತಿದ್ದರು. ರಜೆಯ ದಿನ ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಲು ಬರುವ ಪಟ್ಟಣದವರಿಗಾಗಿ, ಕೆಳಗಿನ ಸಾಮಾನಿನ ಶೆಡ್ಡಿನಿಂದ ತುದಿಯ ಬಂಡೆಯವರೆಗೆ. ಐವತ್ತು ಹೆಜ್ಜೆಗೊಂದರಂತೆ ನಂಬರು ಬರೆದ ಗೂಟ ಹೊಡೆದಿದ್ದರು. ಗರಗಸ, ಹಾರೆ, ಪಿಕಾಸಿಗಳು ಹೋಗುವ ಮುಂಚೆ ಗೂಟದಿಂದ ಗೂಟಕ್ಕೆ, ಎರಡೂ ಬದಿ ಇಪ್ಪತ್ತು ಹೆಜ್ಜೆ ಒಳಹೊಕ್ಕು, ಗೂಡಿದೆಯೇ, ಬಿಲವಿದೆಯೇ, ಮರಿ ಹಾಕಿದ ಪ್ರಾಣಿ ಇದೆಯೇ ಎಂದು ನೋಡಿ ಕಾಗದದಲ್ಲಿ ಬರೆದು ಸಹಿ ಹಾಕುವುದು ಅವಳ ಕೆಲಸ. ನಿಗಾ ಎಂದು ಆ ಕೆಲಸದ ಹೆಸರು. ಆಳುಗಳ ಬಾಯಲ್ಲಿ ಅವಳ ಹೆಸರೂ ಅದೇ. ಕಂಡರೆ ಕೆಂಪು ಪಟ್ಟಿ ಕಟ್ಟಬೇಕು, ಕೆಲಸ ನಿಲ್ಲುತ್ತದೆ. ಕಾಣದಿದ್ದರೆ ಆ ಗೂಟದ ಮುಂದೆ 'ಏನೂ ಇಲ್ಲ' ಎಂದು ಬರೆಯಬೇಕು. ಇರಬಹುದು, ಇದ್ದಂತಿದೆ ಎಂದು ಬರೆಯುವಂತಿಲ್ಲ. ಅನುಮಾನ ಬಂದರೆ ಅನುಮಾನದ ಹಿಂದೆಯೇ ಹೋಗಿ, ಕಣ್ಣಾರೆ ನೋಡಿ, ಇಂಥ ಕಲ್ಲಿನ ಕೆಳಗೆ ಎಂದು ಗುರುತು ಮಾಡಿ ಬರಬೇಕು. ಹತ್ತುವಾಗ ನಿಗಾ ಎಲ್ಲರಿಗಿಂತ ಮುಂದೆ, ಇಳಿಯುವಾಗ ಎಲ್ಲರಿಗಿಂತ ಹಿಂದೆ, ಅದೂ ನಿಯಮ. ಕೆಲಸಕ್ಕೆ ಸೇರುವಾಗ ಮೇಜಿನಾಚೆ ಕೂತವರು, ಒಬ್ಬರೇ ಕಾಡಲ್ಲಿ ಓಡಾಡೋಕೆ ಭಯ ಇಲ್ವಾ ಎಂದು ಕೇಳಿದ್ದರು. ಚಿಕ್ಕಂದಿನಲ್ಲಿ ಕಪ್ಪೆ ಹಾರಿದರೂ ಅಕ್ಕನ ತೋಳಿಗೆ ಜೋತುಬೀಳುತ್ತಿದ್ದವಳು "ನಂಗಾ? ಭಯಾನಾ?" ಎಂದು ನಕ್ಕಿದ್ದಳು. ಆ ನಗು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವಳೂ ಅದನ್ನು ನಂಬಿದ್ದಳು, ನಿನ್ನೆಯವರೆಗೆ. ನಿನ್ನೆ ಇಪ್ಪತ್ತೇಳು, ಇಪ್ಪತ್ತೆಂಟು ನೋಡಿಯಾಗಿತ್ತು. ಇಪ್ಪತ್ತೊಂಬತ್ತರಲ್ಲಿ ಬಂಡೆಯ ಸೆಲೆಯೊಂದು ಜಿನುಗಿ ದಾರಿಗಡ್ಡ ಹರಿದು ನೆಲ ಕೆಸರಾಗಿತ್ತು. ಪಕ್ಕದ ಮರದ ಮೇಲೆ, ಅವಳು ಕೈ ಎತ್ತಿದರೂ ಎಟುಕದಷ್ಟು ಎತ್ತರದಲ್ಲಿ, ಐದು ಗೀರುಗಳು. ತೊಗಟೆಯೊಳಗಿನ ಬಿಳುಪು ಇನ್ನೂ ಒದ್ದೆ. ಒಂದು ಗೀರಿನ ಕೊನೆಯಲ್ಲಿ ಅಂಟಿನ ಹನಿ, ಅದರಲ್ಲಿ ಸಿಕ್ಕಿಕೊಂಡ ಒಂದು ಒರಟು ಕಪ್ಪು ಕೂದಲು. ಕರಡಿಯದೆಂದು ಒಂದೇ ನೋಟಕ್ಕೆ ಗೊತ್ತಾಯಿತು. ಆಮೇಲೆ ಆ ಗುಂಯ್. ಅವಳು ತಿರುಗಿದಳು. ಓಡಲಿಲ್ಲ, ಓಡಬಾರದೆಂದು ಗೊತ್ತಿತ್ತು. ಆದರೆ ಇಪ್ಪತ್ತೇಳನೇ ಗೂಟದ ಬಳಿ ಕಲ್ಲಿನ ಮೇಲೆ ಕೂತಾಗ ಬಾಟಲಿಯ ನೀರು ಬಾಯಿಗಿಂತ ಹೆಚ್ಚಾಗಿ ಗಲ್ಲದ ಮೇಲೆ ಹರಿಯಿತು. ಗೀರು ಕಂಡೆ ಎಂದು ಬರೆದರೆ ಹಿಂದಕ್ಕೆ ಹೋಗಿ ಬಂಡೆಯೊಳಗೆ ನೋಡಬೇಕು. ಬರೆಯದಿದ್ದರೆ ಹೋಗಬೇಕಿಲ್ಲ. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಇಪ್ಪತ್ತೇಳರಿಂದ ಮೂವತ್ತೊಂದರವರೆಗೆ ಐದು ಸಲ 'ಏನೂ ಇಲ್ಲ' ಎಂದು ಬರೆದಳು. ಅಕ್ಷರ ಒಂದೂ ಅಲುಗಲಿಲ್ಲ. ಅಷ್ಟು ದುಂಡಗೆ ಅವಳು ಯಾವತ್ತೂ ಬರೆದಿರಲಿಲ್ಲ.

ಬಸ್ಸಿನ ಕಿಟಕಿಯಲ್ಲಿ ಅಂಗಡಿಗಳ ಬಾಗಿಲು ಮೇಲಕ್ಕೇಳುತ್ತಿದ್ದವು, ಒಬ್ಬಾತ ಬಕೆಟ್ಟಿನಿಂದ ಫುಟ್‌ಪಾತಿಗೆ ನೀರು ಎರಚುತ್ತಿದ್ದ. ಇವತ್ತು ಹೇಳಿಬಿಡುತ್ತೇನೆ, ಶೆಡ್ಡು ತಲುಪಿದ ಕೂಡಲೇ ಹೇಳಿಬಿಡುತ್ತೇನೆ ಎಂದು ಅವಳು ಟಿಕೆಟನ್ನು ಮಡಿಸುತ್ತ, ಇನ್ನೂ ಚಿಕ್ಕದಾಗಿ ಮಡಿಸುತ್ತ ಹೋದಳು. ಹೇಳುವುದು ಸುಲಭ. ಹೋಗಿ ನೋಡಿ ಬಾ ಅಂದರು, ಹೋದೆ, ನೋಡಲಿಲ್ಲ. ಮೂರೇ ಮಾತು. ಆ ಮೂರು ಮಾತನ್ನು ಮೊದಲ ಸಲ ನುಂಗಿದಾಗ ಅವಳಿಗೆ ಒಂಬತ್ತು ವರ್ಷ. ಅಮ್ಮ ಹಿಟ್ಟು ಮೆತ್ತಿದ ಕೈಯನ್ನು ಮೇಲಕ್ಕೆ ಹಿಡಿದುಕೊಂಡೇ, ಪಕ್ಕದ್ಮನೆ ಅಜ್ಜೀದು ಬೆಳಗಿನಿಂದ ಸದ್ದಿಲ್ಲ, ಒಂದ್ಸಲ ಹೋಗಿ ನೋಡ್ಕೊಂಡು ಬಾರೇ ಎಂದಿದ್ದಳು. ಅಜ್ಜಿಯ ಬಾಗಿಲು ತೆರೆದೇ ಇತ್ತು. ಒಳಗೆ ಪರದೆ ಎಳೆದ ಕತ್ತಲೆ, ಔಷಧದ ವಾಸನೆ, ಮತ್ತು ಒಳಕೋಣೆಯಿಂದ ಒಂದು ಸದ್ದು, ಯಾರೋ ಬಾಯಿ ಮುಚ್ಚಿಕೊಂಡು ಹಾಡುವಂಥದ್ದು. ಹೊಸಲಿನ ಮೇಲೆ ಒಂದು ಕಾಲಿಟ್ಟು ಅವಳು ಎಷ್ಟು ಹೊತ್ತು ನಿಂತಿದ್ದಳೋ. ವಾಪಸ್ಸು ಬಂದು ಅಜ್ಜಿ ಮಲಗಿದ್ದಾರೆ ಎಂದಳು. "ನೋಡಿದ್ಯಾ?" "ನೋಡ್ದೆ, ಮಲ್ಗಿದ್ರು." ಸಂಜೆ ಹಾಲಿನವನು ಕೂಗಿ ಕೂಗಿ ಒಳಗೆ ಹೋದಾಗ ಅಜ್ಜಿ ಮಂಚದ ಕೆಳಗೆ ಸೊಂಟ ಮುರಿದು ಬಿದ್ದಿದ್ದರು. ಎಂಟು ದಿನ ಬದುಕಿದ್ದರು. ಯಾವಾಗ ಬಿದ್ರಿ ಎಂದರೆ ಬೆಳಿಗ್ಗೆ ಅಂದಿದ್ದರಂತೆ. ಮುದುಕರಿಗೆ ಹೊತ್ತು ತಿಳಿಯುವುದಿಲ್ಲ ಎಂದು ದೊಡ್ಡವರು ಮಾತು ಮುಗಿಸಿದ್ದರು. ಯಾರೂ ಅವಳನ್ನು ಮತ್ತೆ ಕೇಳಲಿಲ್ಲ. ಅಕ್ಕ ಮಾತ್ರ, ಹನ್ನೆರಡರ ಹುಡುಗಿ, ಊಟದ ತಟ್ಟೆಯಿಂದ ಕಣ್ಣೆತ್ತಿ ಒಂದು ಸಲ ನೋಡಿದ್ದಳು. ಅಕ್ಕ ಒಲೆ ನೋಡಲು ಶುರುಮಾಡಿದ್ದು ಯಾವತ್ತಿನಿಂದ? ಟಿಕೆಟ್ಟು ಅಕ್ಕಿಕಾಳಿನಷ್ಟಾಗಿತ್ತು. ಕಂಡಕ್ಟರು "ಎಲ್ಲಮ್ಮ ನಿಮ್ ಟಿಕೆಟ್ಟು?" ಎಂದಾಗ ಅಂಗೈ ತೆರೆದು ತೋರಿಸಿದಳು. "ಇದನ್ನ ನೋಡೋಕೆ ದುರ್ಬೀನು ಬೇಕಲ್ರೀ" ಎಂದ ಅವನು. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಅವಳ ಕುತ್ತಿಗೆಯಲ್ಲಿ ದುರ್ಬೀನು ತೂಗುತ್ತಿತ್ತು.

ಶೆಡ್ಡಿನ ಹಲಗೆಗೆ ಅವಳ ಕಾಗದವನ್ನು ಆಗಲೇ ಮೊಳೆ ಚುಚ್ಚಿ ಸಿಕ್ಕಿಸಿದ್ದರು. ಗರಗಸದವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಯಂತ್ರದ ಸರಪಳಿಗೆ ಎಣ್ಣೆ ಬಿಡುತ್ತಿದ್ದ. ಗೊರಕೆ ಎಂದು ಅವನ ಅಡ್ಡಹೆಸರು. ಅವನ ಗರಗಸ ಹೊಡೆಯುವುದೂ ಅದನ್ನೇ, ಮಧ್ಯಾಹ್ನದ ಬಿಡುವಿನಲ್ಲಿ ಅವನು ಹೊಡೆಯುವುದೂ ಅದನ್ನೇ. ಮೆಟ್ಟಿಲುಕಲ್ಲು ಕೂರಿಸುವ ಮುದುಕ, ಎಲ್ಲರಿಗೂ ಕಲ್ಲಜ್ಜ, ಬಾಗಿಲಿಗೆ ಬೆನ್ನು ಕೊಟ್ಟು ಚಹಾ ಊದುತ್ತಿದ್ದ. ಪಿಕಾಸಿಯ ನಾಲ್ವರು ಹೊರಗೆ ಬಿಸಿಲಿನಲ್ಲಿದ್ದರು. ಮೇಸ್ತ್ರಿ ಹಲಗೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. "ಐದಕ್ಕೈದೂ ಖಾಲಿ ನಿಗಾ ಮೇಡಂ! ಈ ಬೆಟ್ಟದಲ್ಲಿ ನಾವೇ ದೊಡ್ಡ ಪ್ರಾಣಿಗಳು ಅಂತ ಕಾಣುತ್ತೆ." ಕಲ್ಲಜ್ಜ ಲೋಟದಿಂದ ಬಾಯಿ ತೆಗೆಯದೆ, "ನಿನ್ನ ಹೆಂಡ್ತೀನ ಕೇಳು, ಹೌದು ಅಂತಾಳೆ" ಎಂದ. ನಗು ಎದ್ದಿತು. ಅವಳೂ ನಕ್ಕಳು, ತನ್ನ ನಗು ಎಲ್ಲರ ನಗು ಮುಗಿದ ಮೇಲೆ ಒಂದು ಕ್ಷಣ ಉಳಿದದ್ದು ಕೇಳಿಸಿತು. ಹೋದ ತಿಂಗಳು ಹನ್ನೆರಡನೇ ಗೂಟದಲ್ಲಿ ಹೆಬ್ಬೆರಳ ಗಾತ್ರದ ಹಕ್ಕಿಯೊಂದು ಪೊದೆಯಲ್ಲಿಟ್ಟ ಮೊಟ್ಟೆಗಳು ಒಡೆಯುತ್ತಿದ್ದವು. ಅವಳು ಕೆಂಪು ಪಟ್ಟಿ ಕಟ್ಟಿ ಹನ್ನೊಂದು ದಿನ ಕೆಲಸ ನಿಲ್ಲಿಸಿದ್ದಳು. ಮೇಲಿನ ಆಫೀಸಿನಿಂದ ಮೇಸ್ತ್ರಿಗೆ ಬೈಗುಳ ಬಂದಿತ್ತು. ಆ ಹನ್ನೊಂದು ದಿನವೂ ಅವಳಿಗೆ ಮೊಟ್ಟೆ ಮೇಡಂ ಎಂಬ ಹೆಸರಿತ್ತು. "ನಿಲ್ಸೋದಾದ್ರೆ ಒಂದು ಆನೇನಾದ್ರೂ ತೋರಿಸಿ ನಿಲ್ಸಿ ಮೇಡಂ, ಮರ್ಯಾದೆ ಉಳಿಯುತ್ತೆ" ಎಂದಿದ್ದ ಮೇಸ್ತ್ರಿ. ಮರಿಗಳು ಹಾರಿಹೋದ ದಿನ ಗೊರಕೆಯೊಬ್ಬನೇ ಗುಟ್ಟಾಗಿ ಬಂದು, "ಹೋದ್ವಾ ಚಿಕ್ಕಮ್ಮ? ಎಲ್ಲ ಹೋದ್ವಾ?" ಎಂದು ಕೇಳಿದ್ದ. ಅವತ್ತಿನಿಂದ ಅವನು ಪ್ರತಿ ಬೆಳಿಗ್ಗೆ, ಕೊಯ್ಯುವ ಮುಂಚೆ, ಅವಳ ಕಡೆ ತಿರುಗಿ "ಚಿಕ್ಕಮ್ಮ, ಬಿಡ್ಲಾ?" ಎನ್ನುತ್ತಿದ್ದ. ಅವಳು "ಬಿಡಿ" ಎಂದ ಮೇಲೆಯೇ ಗರಗಸ ಚಾಲೂ ಮಾಡುವ ದಾರ ಎಳೆಯುತ್ತಿದ್ದ. ಈಗಲೂ ಎಣ್ಣೆಕೈ ಒರೆಸಿಕೊಳ್ಳುತ್ತ, "ನಿಮ್ ಸಹಿ ಇದ್ರೆ ಕಣ್ಮುಚ್ಕೊಂಡು ನುಗ್ತೀನಿ ನಾನು. ಗರಗಸ ಕೂಗ್ತಿದ್ರೆ ಕಿವೀನೂ ಕೇಳ್ಸಲ್ಲ, ಹಿಂದೆ ಹುಲಿ ಬಂದು ಭುಜ ತಟ್ಟಿದ್ರೂ ಮೇಸ್ತ್ರೀನೇ ಅಂದ್ಕೋತೀನಿ" ಎಂದ. ಹೇಳು, ಈಗ ಹೇಳು ಎಂದು ಅವಳ ನಾಲಗೆ ಅಂಗುಳಿಗೆ ಒತ್ತಿಕೊಂಡಿತು. ಬಾಯಿಂದ ಬಂದದ್ದು ಬೇರೆಯೇ: "ಕೊಯ್ಯೋದು ಒಂದರ್ಧ ಗಂಟೆ ತಡ ಮಾಡ್ತೀರಾ? ಮೂವತ್ತೆರಡಕ್ಕೆ ಹೋಗ್ಬೇಕು, ಸದ್ದಾದ್ರೆ ಅಲ್ಲಿರೋದೆಲ್ಲ ಅಡಗಿಬಿಡುತ್ತೆ." ಮೇಸ್ತ್ರಿ ಗಡಿಯಾರ ನೋಡಿದ. "ಇಪ್ಪತ್ತು ನಿಮಿಷ. ಇಪ್ಪತ್ತೇಳರ ಹತ್ರ ಕಾಯ್ತಿರ್ತೀವಿ."

ಇಪ್ಪತ್ತೇಳು ದಾಟಿದ ಮೇಲೆ ಹಿಂದೆ ಅವರ ಮಾತು ಒಂದು ತಿರುವಿನವರೆಗೆ ಕೇಳಿಸಿತು, ಆಮೇಲೆ ಕೆಮ್ಮು ಮಾತ್ರ, ಆಮೇಲೆ ಏನೂ ಇಲ್ಲ. ಕೊಯ್ದಿಲ್ಲದ ಕಾಡು ಎರಡೂ ಕಡೆಯಿಂದ ಅವಳ ತೋಳನ್ನು ಮುಟ್ಟುತ್ತಿತ್ತು. ಎಲೆ ಎಲೆಯೂ ತನ್ನನ್ನು ನೋಡಿ ಮುಖ ತಿರುಗಿಸುತ್ತಿದೆ ಎನ್ನಿಸಿತು. ಶೂವಿನಡಿಯ ಕಡ್ಡಿ ಮುರಿದಾಗ ಅವಳು ನಿಂತಳು, ಮುರಿದದ್ದು ತಾನೇ ಎಂದು ಖಾತ್ರಿಯಾಗಲು ಇನ್ನೊಂದು ಕಡ್ಡಿ ಮುರಿದಳು. ಕೈಯಲ್ಲಿದ್ದ ಕೆಂಪು ಪಟ್ಟಿಯ ಸುರುಳಿ ಬೆವರಿಗೆ ಜಾರುತ್ತಿತ್ತು. ಏನೂ ಇರಲಾರದು. ಗೀರು ಹಳೆಯದಿದ್ದಿರಬಹುದು. ಗುಂಯ್ ಎಂದದ್ದು ಹೆಜ್ಜೇನಿರಬಹುದು, ಗಾಳಿಯಿರಬಹುದು, ತನ್ನದೇ ಕಿವಿಯ ರಕ್ತವಿರಬಹುದು. ಅಜ್ಜಿ ನಿಜವಾಗಿ ಮಲಗಿಯೇ ಇದ್ದಿರಬಹುದು, ಆಮೇಲೆ ಎದ್ದು, ಮಧ್ಯಾಹ್ನ ಬಿದ್ದಿರಬಹುದು. ಮೂವತ್ತೆಂಟು ವರ್ಷ ಅವಳು ಈ ವಾಕ್ಯವನ್ನು ತೊಳೆದು ಒಣಗಿಸಿ ಮಡಿಸಿಟ್ಟಿದ್ದಳು, ಬೇಕಾದಾಗ ತೆಗೆದು ಉಟ್ಟುಕೊಂಡಿದ್ದಳು. ಇಪ್ಪತ್ತೆಂಟು. ಹಕ್ಕಿಗಳು ಸುಮ್ಮನಾಗಿದ್ದವು. ನಿನ್ನೆಯೂ ಸುಮ್ಮನಾಗಿದ್ದವೇ? ಅದನ್ನು ಗಮನಿಸುವುದಕ್ಕೆಂದೇ ಇರುವವಳಿಗೆ ಅದು ನೆನಪಿರಲಿಲ್ಲ. ಇಪ್ಪತ್ತೊಂಬತ್ತನೇ ಗೂಟ ಮೊದಲು ಬಣ್ಣವಾಗಿ ಕಂಡಿತು, ಆಮೇಲೆ ಅಂಕಿಯಾಗಿ. ಅವಳು ಮರದ ಮೇಲಿನ ಗೀರನ್ನು ನೋಡಲು ಹೆದರಿ ಕಣ್ಣನ್ನು ಕೆಳಗಿಳಿಸಿದಳು. ಅದರಿಂದ ಕೆಸರು ಕಂಡಿತು.

ಕೆಸರಿನಲ್ಲಿ ಅವಳ ನಿನ್ನೆಯ ಶೂಗಳಿದ್ದವು. ಎರಡೂ ಪಾದ ಜೋಡಿಸಿ ನಿಂತದ್ದು, ಹಿಮ್ಮಡಿಯ ಮೇಲೆ ಗರ್ರನೆ ತಿರುಗಿದಲ್ಲಿ ಮಣ್ಣು ಅರ್ಧಚಂದ್ರದಂತೆ ಎದ್ದದ್ದು, ಕೆಳಗೆ ಹೊರಟ ಉದ್ದುದ್ದ ಹೆಜ್ಜೆಗಳು. ಅಂಜುಬುರುಕಿಯೊಬ್ಬಳು ಎಲ್ಲಿಯವರೆಗೆ ಬಂದಳು, ಎಲ್ಲಿಂದ ಹಿಂದಿರುಗಿದಳು ಎಂದು ಯಾರೋ ಅಚ್ಚು ಹೊಡೆಸಿ ಇಟ್ಟಂತಿತ್ತು. ಆ ಎಡಗಾಲಿನ ಅಚ್ಚಿನ ಮೇಲೆ ಇನ್ನೊಂದು ಪಾದವಿತ್ತು. ಅಗಲವಾದದ್ದು, ಬರಿಗಾಲಿನದ್ದು, ಒಂದು ಕ್ಷಣ ಮನುಷ್ಯರದೇ ಎನ್ನಿಸುವಂಥದ್ದು; ಆದರೆ ಬೆರಳುಗಳ ಮುಂದೆ ನಾಲ್ಕು ಬೆರಳಿನಷ್ಟು ದೂರದಲ್ಲಿ ಐದು ತೂತುಗಳು. ಅಂಗಾಲಿನ ಗುಳಿಯೊಳಕ್ಕೆ ಸೆಲೆಯ ನೀರು ಇನ್ನೂ ತುಂಬುತ್ತಿತ್ತು. ತುಂಬಿ ಮುಗಿದಿರಲಿಲ್ಲ. ಆ ಹೆಜ್ಜೆ ಕೆಳಮುಖವಾಗಿತ್ತು, ಅವಳು ಈಗ ಹತ್ತಿ ಬಂದ ಕಡೆಗೆ. ಅವಳು ಉಸಿರು ಹಿಡಿದು ತನ್ನ ಬೆನ್ನಿಗೆ ಕಿವಿಯಾದಳು. ಅವಳ ಒಳಗೆ ಒಂದು ಜಾಣ ದನಿ ಆಗಲೂ ಮಾತಾಡುತ್ತಿತ್ತು: ಒಳ್ಳೆಯದೇ ಆಯಿತು, ಹೆಜ್ಜೆ ಇವತ್ತಿನದು. ಇವತ್ತು ಬಂದಿದೆ ಅಂದರಾಯಿತು. ನಿನ್ನೆಯ ಕಾಗದವೂ ನಿಜ, ಇವತ್ತಿನ ಹೆಜ್ಜೆಯೂ ನಿಜ. ಆದರೆ ಹಾದುಹೋದ ಪ್ರಾಣಿಗೆ ನಿಯಮದಲ್ಲಿ ಒಂದು ಗಂಟೆಯ ಬಿಡುವು ಮಾತ್ರ. ಗಂಟೆ ಕಳೆದರೆ ಗರಗಸ ಮೇಲೆ ಬರುತ್ತದೆ. ಮರಿ ಇದ್ದರಷ್ಟೇ ಕೆಲಸ ನಿಲ್ಲುವುದು. ಮರಿ ಇದೆ ಎನ್ನಬೇಕಾದರೆ ನೋಡಿರಬೇಕು. ಮೇಲೆ, ಬಂಡೆಗಳ ಒಳಗೆ, ಅಕ್ಕನ ಯಂತ್ರ ಶುರುವಾಯಿತು.

ಅಲ್ಲಿಂದ ಬಂಡೆಯವರೆಗೆ ಹದಿನೆಂಟು ಹೆಜ್ಜೆ. ಅವಳು ಎಣಿಸಿದಳು, ಎಣಿಸುತ್ತಿದ್ದರೆ ಕಾಲು ನಿಲ್ಲುವುದಿಲ್ಲವೆಂದು. ಬಂಡೆಯೊಂದು ಇನ್ನೊಂದಕ್ಕೆ ಒರಗಿದ ಕಡೆ, ಬೇರುಗಳ ಹಿಂದೆ, ಅಡುಗೆಮನೆಯ ಗೋಡೆಗೂಡಿನಷ್ಟು ಅಗಲದ ಕಪ್ಪು ಸಂದು. ವಾಸನೆ ಮೊದಲು ಬಂತು: ನೆನೆದ ಕಂಬಳಿ, ಹುಳಿ ಹಣ್ಣು, ಹಾಲು. ಹೊಸಲಿನಂಥ ಬೇರಿನ ಮೇಲೆ ಅವಳು ಒಂದು ಕಾಲಿಟ್ಟಳು. ಆ ಕಾಲು ಒಂಬತ್ತು ವರ್ಷದ್ದಾಯಿತು. ಒಳಗೆ ಏನೋ ಬಾಯಿ ಮುಚ್ಚಿಕೊಂಡು ಹಾಡುತ್ತಿತ್ತು. ಈಗ ತಿರುಗಿದರೆ ಸಾಕು, ಮಲಗಿದ್ದಾರೆ ಅಂದರೆ ಸಾಕು, ಅಮ್ಮ ಹಿಟ್ಟಿನ ಕೈಯನ್ನು ಮತ್ತೆ ಪಾತ್ರೆಯೊಳಕ್ಕಿಳಿಸುತ್ತಾಳೆ. ಅವಳು ಬಾಗಿ, ಕತ್ತು ಚಾಚಿ, ಕತ್ತಲೆ ಕಣ್ಣಿಗೆ ಹೊಂದುವವರೆಗೆ, ಒಂದು ಎರಡು ಮೂರು ಎಂದು ಹತ್ತರವರೆಗೆ, ನೋಡಿದಳು. ಎರಡಿದ್ದವು. ಬೆಕ್ಕಿನಷ್ಟು ದೊಡ್ಡವು. ಒಂದರ ಕಿವಿಯನ್ನು ಇನ್ನೊಂದು ಬಾಯಲ್ಲಿಟ್ಟುಕೊಂಡು ಹೀರುತ್ತ, ಇಡೀ ಮೈ ನಡುಗುವಂತೆ ಗುಂಯ್ ಎನ್ನುತ್ತಿತ್ತು. ಅವುಗಳ ಸುತ್ತ ಒಣ ಎಲೆಗಳ ಮೇಲೆ ದೊಡ್ಡ ಬಟ್ಟಲಿನಂತೆ ಒತ್ತಿಹೋದ ಜಾಗ. ಆ ಬಟ್ಟಲು ಖಾಲಿಯಿತ್ತು. ತಾಯಿ ಒಳಗಿಲ್ಲ. ಅವಳಿಗೆ ಇಷ್ಟು ಹೊತ್ತು ಇದ್ದದ್ದು ಭಯವೇ ಅಲ್ಲ ಎನ್ನಿಸಿತು. ಅದು ಭಯದ ಹೊರಗಿನ ಅಂಗಳ ಮಾತ್ರ. ತಾಯಿ ಹೊರಗಿದೆ, ಕೆಳಗೆ ಹೋಗಿದೆ, ಮರಿಗಳಿಗೂ ಅದಕ್ಕೂ ನಡುವೆ ತಾನು ಬಾಗಿ ನಿಂತಿದ್ದೇನೆ. ಕೆಳಗೆ ಏಳು ಜನ. ಅವರಲ್ಲೊಬ್ಬ ಕಿವಿಗಡಚಿಕ್ಕುವ ಯಂತ್ರವನ್ನು ಹಿಡಿದು, ಅವಳ ಸಹಿಯನ್ನು ನಂಬಿ, ಕಣ್ಣು ಮುಚ್ಚಿಕೊಂಡು ನುಗ್ಗುವವನು.

ಕೆಂಪು ಪಟ್ಟಿಯನ್ನು ಗೀರು ಬಿದ್ದ ಮರಕ್ಕೆ ಸುತ್ತಿ ಗಂಟು ಹಾಕಿದಳು. ಇಳಿಯುವಾಗ ಓಡಲಿಲ್ಲ. ಇಪ್ಪತ್ತೇಳರ ಬಳಿ ಬಂದಾಗ ಗೊರಕೆ ಒಂದು ಕಾಲನ್ನು ಗರಗಸದ ಮೇಲೊತ್ತಿ, ದಾರದ ಹಿಡಿಕೆಯನ್ನು ಕೈಗೆ ತೆಗೆದುಕೊಂಡಿದ್ದ. "ಚಿಕ್ಕಮ್ಮ, ಬಿಡ್ಲಾ?" ಅವಳು ಎರಡೂ ಅಂಗೈ ಎದುರಿಗೆ ಹಿಡಿದಳು. "ಬೇಡ. ಮೆಲ್ಲಗೆ ಮಾತಾಡಿ. ಇಪ್ಪತ್ತೊಂಬತ್ತರ ಹತ್ರ ಬಂಡೆಯೊಳಗೆ ಕರಡಿಮರಿ ಇವೆ, ಎರಡು. ತಾಯಿ ಒಳಗಿಲ್ಲ. ಹೆಜ್ಜೆ ಈ ಕಡೆಗೇ ಇಳಿದಿದೆ, ನೀರು ಇನ್ನೂ ತುಂಬ್ತಿತ್ತು." ಪಿಕಾಸಿಯವರು ಒಬ್ಬರಿಗೊಬ್ಬರು ಹತ್ತಿರವಾದರು. ಮೇಸ್ತ್ರಿ ನಂಬಿದಂತೆಯೂ ನಂಬದಂತೆಯೂ ಮುಖ ಮಾಡಿ, "ನಿನ್ನೆ ಏನೂ ಇಲ್ಲ ಅಂತ ನೀವೇ ಬರ್ದಿದೀರಲ್ಲ ಮೇಡಂ" ಎಂದ. ಅವಳು ಉತ್ತರ ಕೊಡುವ ಮುಂಚೆ ಅವನೇ ಉತ್ತರ ಹುಡುಕಿಕೊಂಡ. ಅದು ಅವಳು ಕೆಸರಿನ ಬಳಿ ಹೊಲಿದಿಟ್ಟುಕೊಂಡಿದ್ದ ಉತ್ತರವೇ ಆಗಿತ್ತು. "ಅಂದ್ರೆ ಆಮೇಲೆ ಬಂದು ಸೇರ್ಕೊಂಡಿದೆ. ಹೊಸಾ ಜಾಗ, ಇನ್ನೂ ಕಾಲೂರಿಲ್ಲ. ಅದಕ್ಕೇನು, ಇಲ್ಲಿಂದ್ಲೇ ಎರಡು ಸಲ ಗರ್ ಅನ್ಸು ಮಾರಾಯ, ಮರಿ ಕಚ್ಕೊಂಡು ಬೇರೆ ಕಡೆ ಹೋಗುತ್ತೆ. ಇನ್ನೊಂದ್ಸಲ ಹನ್ನೊಂದು ದಿನ ಕೂರೋಕಾಗಲ್ಲ." ಗೊರಕೆ ಅವಳ ಮುಖ ನೋಡಿದ. ಹಿಡಿಕೆಯ ಮೇಲಿದ್ದ ಅವನ ಬೆರಳುಗಳು ಬಿಗಿಯಾದವು. "ಹೊಸ ಜಾಗ ಆದ್ರೆ ಹೋಗುತ್ತೆ ಅಲ್ವಾ ಚಿಕ್ಕಮ್ಮ?" ಎಂದ. ಹೂಂ ಎಂದರೆ ಮುಗಿಯಿತು. ಯಾರಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ, ಸದ್ದಿಗೆ ತಾಯಿ ನುಗ್ಗಿ ಬರುವವರೆಗೆ.

"ಹೊಸದಲ್ಲ," ಎಂದಳು. "ನಿನ್ನೇನೂ ಇತ್ತು. ಮೊದ್ಲಿಂದ್ಲೂ ಇತ್ತು ಅಂತ ಕಾಣುತ್ತೆ, ಒಳಗೆ ಎಲೆ ಎಲ್ಲಾ ಒತ್ತಿ ಬಟ್ಟಲಾಗಿದೆ. ನಿನ್ನೆ ಗೀರು ನೋಡ್ದೆ, ಮರಿ ಸದ್ದು ಕೇಳ್ದೆ. ಭಯ ಆಯ್ತು. ಇಪ್ಪತ್ತೊಂಬತ್ತರಿಂದ ತಿರುಗಿ ಬಂದು, ಇಲ್ಲೇ, ಈ ಕಲ್ಲಿನ ಮೇಲೆ ಕೂತ್ಕೊಂಡು ಬರೆದೆ." ಅವಳು ಏಟು ಬೀಳುವುದನ್ನು ಕಾಯುವವಳಂತೆ ಕಲ್ಲನ್ನು ನೋಡಿದಳು. ಗೊರಕೆ ಹಿಡಿಕೆಯನ್ನು ಬಿಟ್ಟ. ದಾರ ತಾನಾಗಿ ಒಳಗೆ ಸುತ್ತಿಕೊಂಡಿತು. ಗರಗಸದ ಮೇಲಿಂದ ಕಾಲು ತೆಗೆದು ಅವನು ಕೇಳಿದ, ಸಿಟ್ಟಿಲ್ಲದ ದನಿಯಲ್ಲಿ, "ಇನ್ನೆಷ್ಟು ಗೂಟ ಹೀಗೆ?" ಚಿಕ್ಕಮ್ಮ ಎನ್ನಲಿಲ್ಲ. "ಈ ಮೂರೇ," ಎಂದಳು ಅವಳು. ಅದು ನಿಜವಾಗಿತ್ತು. ನಿಜವೆಂದು ನಂಬಿಸಲು ಇನ್ನು ಮುಂದೆ ಅವಳ ಹತ್ತಿರ ಏನೂ ಇರಲಿಲ್ಲ. ಮೇಸ್ತ್ರಿ ಅವಳ ಎದುರಿಗೆ ಬಂದು ನಿಂತ. "ಏಳು ಜನ ಇದೀವಿ ಇಲ್ಲಿ. ಏಳು ಜನ! ಇದು ಆಫೀಸಿಗೆ ಹೋಗುತ್ತೆ ಮೇಡಂ, ನಿಮ್ಮ ಕೆಲಸ ಉಳಿಯಲ್ಲ." "ಹೋಗ್ಲಿ," ಎಂದಳು. "ಈಗ ಸದ್ದು ಮಾಡ್ಬೇಡಿ." ಕಲ್ಲಜ್ಜ ಹಾರೆಯನ್ನು ಕಂದನನ್ನು ಮಲಗಿಸಿದಂತೆ ನೆಲಕ್ಕೆ ಮಲಗಿಸಿದ. "ಬೈಯೋದು ಕೆಳಗೆ ಹೋಗಿ ಬೈಯೋಣಪ್ಪ. ತಾಯಿ ಹೊರಗಿದೆ ಅಂದ್ಲಲ್ಲ, ಕಿವಿಗೆ ಬಿತ್ತೋ ಇಲ್ವೋ? ಸಾಮಾನು ಇಲ್ಲೇ ಇರ್ಲಿ. ನಡೀರಿ." ಹೊರಟರು. ಅವಳು ಒಂದು ಬದಿಗೆ ಸರಿದು ಎಲ್ಲರಿಗೂ ದಾರಿ ಬಿಟ್ಟಳು. ಮೇಸ್ತ್ರಿ ನಿಂತು, ಅವಳನ್ನೂ ಹಿಂದಿನ ಕಾಡನ್ನೂ ನೋಡಿ, ಸಾಲಿನ ಕೊನೆಗೆ ಯಾರಿರಬೇಕೆಂದು ಕೇಳಲು ಬಾಯಿ ತೆರೆದವನು, ನಿಯಮ ನೆನಪಾಗಿ ಮುಂದೆ ಹೋದ. ಇಳಿಯುವಾಗ ನಿಗಾ ಹಿಂದೆ.

ಅವಳ ಮುಂದೆ ಗೊರಕೆ, ಅವನ ಮುಂದೆ ಬಾಗಿದ ಬೆನ್ನುಗಳ ಸಾಲು. ಯಾರದೋ ಜೇಬಿನಲ್ಲಿ ಬೀಗದ ಕೈಗಳು ಕಿಣಿಗುಟ್ಟಿ, ಅವನು ಜೇಬನ್ನು ಹಿಡಿದುಕೊಂಡ. ಈ ಕಡೆ ದಾರಿಯನ್ನು ಆಗಲೇ ಕೊಯ್ದು ಚೊಕ್ಕ ಮಾಡಿಯಾಗಿತ್ತು. ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು, ಅಡಗಲು ಒಂದು ಪೊದೆಯಿರಲಿಲ್ಲ. ಇಷ್ಟು ದಿನ ಅವಳೇ ಬಿಡಿ, ಬಿಡಿ ಎಂದು ಬಿಚ್ಚಿಸಿದ ದಾರಿ. ಅವಳ ಬೆನ್ನು ಮನೆಯಷ್ಟು ಅಗಲವಾಯಿತು, ಕಿಟಕಿ ಬಾಗಿಲೆಲ್ಲ ತೆರೆದ ಮನೆ. ಪ್ರತಿ ಗೂಟಕ್ಕೂ ಗೊರಕೆ ಅರ್ಧ ತಿರುಗಿ ಪಿಸುಗುಟ್ಟುತ್ತಿದ್ದ: "ನೋಡ್ತಿದೀರಾ?" "ನೋಡ್ತಿದೀನಿ." ಅಷ್ಟು ಹೇಳಿದ ಮೇಲೂ ಅವನ ಕಣ್ಣು ಅವಳ ಭುಜ ದಾಟಿ ಹಿಂದಕ್ಕೆ ಹೋಗಿ, ತಾನೇ ಒಮ್ಮೆ ನೋಡಿಕೊಂಡು, ಮರಳುತ್ತಿತ್ತು. ಕುರ್ಚಿ ಸರಿದ ಸದ್ದು, ಚಪ್ಪಲಿಯ ಸಪ್ಪಳ, ನಾಬಿನ ಕಟಕ್. ಅವಳಿಗೆ ಸಿಟ್ಟು ಬರಲಿಲ್ಲ. ನೋಡಪ್ಪ, ನೀನೂ ನೋಡು ಎನ್ನಿಸಿತು. ಇಪ್ಪತ್ತಾರು. ಇಪ್ಪತ್ತೈದು. ಇಪ್ಪತ್ನಾಲ್ಕರ ಬಳಿ ಅವನು ಮತ್ತೆ ತಿರುಗಿದ. "ನೋಡ್ತಿ…" ಎಂದವನ ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ಅವಳ ಭುಜದಾಚೆ ಹೋಯಿತು, ಮರಳಲಿಲ್ಲ. ಅವನ ಮುಖದಲ್ಲಿ ಬಣ್ಣ ಇಳಿಯುವುದು, ತುಟಿ ಒಣಗುವುದು ಅವಳಿಗೆ ಒಂದೊಂದಾಗಿ ಕಂಡಿತು. ಹಿಂದಿರುಗಿ ನೋಡದೆ, ಆ ಮುಖವನ್ನು ಓದಿಕೊಂಡೇ ನಡೆದುಬಿಡಬಹುದಿತ್ತು.

ಅವಳು ತಿರುಗಿದಳು. ಮೇಲೆ, ಇಪ್ಪತ್ತೇಳನೇ ಗೂಟದ ಬಳಿ, ಚೊಕ್ಕ ಮಾಡಿದ ದಾರಿಯ ನಟ್ಟನಡುವೆ ಅದು ನಿಂತಿತ್ತು. ಅವಳ ನಿನ್ನೆಯ ಕಲ್ಲಿಗೂ ಬಿಟ್ಟುಬಂದ ಗರಗಸಕ್ಕೂ ಮಧ್ಯೆ, ತಲೆ ತಗ್ಗಿಸಿ, ಎಣ್ಣೆ ಬಳಿದ ಸರಪಳಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೂಸುತ್ತಿತ್ತು. ಮೂಸಿ ಮುಗಿದ ಮೇಲೆ ತಲೆಯೆತ್ತಿತು. ಮೂಗು ಗಾಳಿಯಲ್ಲಿ ಆಡಿತು. ಸಣ್ಣ ಕಣ್ಣುಗಳು, ಅಲುಗುವ ಪಕ್ಕೆಗಳು, ಎದೆಯ ಕೂದಲಿಗೆ ಅಂಟಿದ ಒದ್ದೆ ಕೆಸರು. ದುರ್ಬೀನಿನಲ್ಲಿ ಅವಳು ಒಂದನ್ನೂ ಬಿಡದೆ ನೋಡಿದಳು. ಅದೂ ಅವಳನ್ನು ನೋಡಿತು.

"ನೋಡ್ದೆ," ಎಂದಳು, ದನಿ ಏರಿಸದೆ, ಕಣ್ಣು ತೆಗೆಯದೆ. "ಇದೆ. ಓಡ್ಬೇಡಿ. ನಡೀತಾ ಇರಿ."

ಹಿಂದೆ ಅವರ ಹೆಜ್ಜೆಗಳು ಒಂದೊಂದಾಗಿ ಶುರುವಾದವು. ಅವಳು ಮುಖ ತಿರುಗಿಸದೆ, ಹಿಮ್ಮಡಿಯಿಂದ ನೆಲವನ್ನು ತಡವುತ್ತ, ಒಂದು ಹೆಜ್ಜೆ ಹಿಂದಕ್ಕಿಟ್ಟಳು.